ಕೈ ನಡುಗಿದರೆ ರೈಫಲ್ ಹಿಡಿಯಬಾರದೇ?

ಪ್ರಶ್ನೆ: ಸರ್, ನನಗೀಗ 59. ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತ ಕೆಲಸ ಶುರು ಮಾಡಿದವನು. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಬೈಂಡಿಂಗ್‌ಗೆ ಹೋದೆ. ಮಗಳು ಹುಬ್ಬಳ್ಳಿಯಲ್ಲಿ ಏರ್ ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಕಲಿಯುತ್ತಿದ್ದಾಳೆ. ಒಂದು ಭಾನುವಾರ ಅವಳನ್ನು ಬಿಡಲು ಹೋದಾಗ ಕೋಚ್ ನನ್ನ ಕೈಗೂ ರೈಫಲ್ ಕೊಟ್ಟರು. ಅವತ್ತಿನಿಂದ ಆಸೆ ಹತ್ತಿದೆ. ಆದರೆ ಎರಡು ವರ್ಷದಿಂದ ನನ್ನ ಕೈ ನಡುಗುತ್ತದೆ. ಎಷ್ಟು ಬಿಗಿ ಹಿಡಿದರೂ ಗುರಿ ಕುಣಿಯುತ್ತದೆ. ಮಧ್ಯಕ್ಕೆ ಬಂತು ಅಂತ ಹೊಡೆದರೆ ಗುಂಡು ಕಾರ್ಡಿನ ಮೂಲೆಗೆ ಹೋಗಿರುತ್ತದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನನಗೆ 71, ನನ್ನ ಕೈಯೂ ನಡುಗುತ್ತದೆ. ನಾನು ಚಹಾ ತರುತ್ತಿದ್ದೇನೆ ಅಂತ ಮನೆಯವರಿಗೆ ಕಪ್ಪು-ಬಸಿಯ ಸದ್ದಿನಿಂದಲೇ ಗೊತ್ತಾಗುತ್ತದೆ. ಆದರೂ ವಾರಕ್ಕೆರಡು ಸಲ ಧಾರವಾಡದಿಂದ ಬಸ್ ಹತ್ತಿ ಶೂಟಿಂಗ್ ರೇಂಜಿಗೆ ಹೋಗುತ್ತೇನೆ.

ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ನಡುಕದಲ್ಲಿ ಬಗೆಗಳಿವೆ. ಕೈ ಚಾಚಿದಾಗ, ಏನಾದರೂ ಹಿಡಿದಾಗ ನಡುಗುವುದು ಒಂದು. ಕೈ ತೊಡೆಯ ಮೇಲೆ ಸುಮ್ನೆ ಇಟ್ಟಾಗಲೂ ನಡುಗುವುದು ಇನ್ನೊಂದು, ಅದನ್ನು ತಡ ಮಾಡದೆ ತೋರಿಸಬೇಕು. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತದೆ, ದಮ್ಮಿನ ಔಷಧಿಯಿಂದಲೂ ನಡುಗುತ್ತದೆ. ನೀವು ವರ್ಷಗಟ್ಟಲೆ ಸೀಸದ ಮೊಳೆ ಮುಟ್ಟಿದವರು. ಅದನ್ನೂ ಡಾಕ್ಟರಿಗೆ ಹೇಳಿ, ಮರೆಯಬೇಡಿ. ಅಂದ ಹಾಗೆ ಏರ್ ರೈಫಲ್ ಗುಂಡೂ ಸಾಮಾನ್ಯವಾಗಿ ಸೀಸದ್ದೇ. ರೇಂಜಿನಿಂದ ಬಂದವರು ಸೋಪು ಹಚ್ಚಿ ಕೈ ತೊಳೆಯದೆ ಮಿರ್ಚಿಗೆ ಕೈ ಹಾಕಬಾರದು.

ಇನ್ನು ರೈಫಲ್ ವಿಷಯ. ನಿಮ್ಮ ಎರಡೂ ತಪ್ಪನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಒಂದು, ಬಿಗಿ ಹಿಡಿಯುವುದು. ಎರಡು, ಮಧ್ಯಕ್ಕೆ ಬಂದ ಕೂಡಲೇ ಹೊಡೆಯುವುದು.

ಬಿಗಿ ಹಿಡಿದಷ್ಟೂ ನಡುಕ ಜಾಸ್ತಿ. ಸ್ನಾಯು ದಣಿಯುತ್ತದೆ, ದಣಿದ ಸ್ನಾಯು ಕುಣಿಯುತ್ತದೆ. ನಾನು ಎನ್‌ಸಿಸಿಯಲ್ಲಿದ್ದಾಗ ನಮ್ಮ ಹವಾಲ್ದಾರರು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು, "ಕೈಗೆ ಕೊಡಬ್ಯಾಡ್ರಲೇ ಭಾರ, ಎಲುಬಿಗೆ ಕೊಡ್ರಿ." ಆಗ ಬೈಗುಳ ಅನ್ನಿಸಿತ್ತು. ಈಗ ನನ್ನ ಆಟ ನಡೆದಿರುವುದೇ ಆ ಮಾತಿನ ಮೇಲೆ. ನೀವು ಮೊಳೆ ಜೋಡಿಸುವ ಕಾಂಪೋಸಿಂಗ್ ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದು ತಾಸುಗಟ್ಟಲೆ ನಿಂತವರು. ದಣಿದಾಗ ಮೊಣಕೈಯನ್ನು ಮೈಗೆ ಒತ್ತಿಕೊಂಡಿರುತ್ತೀರಿ, ಅಲ್ವಾ? ರೈಫಲ್‌ಗೂ ಅದೇ. ಗುರಿಗೆ ಎಡಮಗ್ಗುಲು ಕೊಟ್ಟು ಅಡ್ಡಲಾಗಿ ನಿಲ್ಲಿ. ಕಾಲುಗಳ ನಡುವೆ ಭುಜದಷ್ಟು ಅಂತರ ಇರಲಿ. ಸೊಂಟವನ್ನು ಸ್ವಲ್ಪ ಗುರಿಯ ಕಡೆ ತಳ್ಳಿ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಿಡಿ. ಎಡ ಮೊಣಕೈ ಸೊಂಟದ ಎಲುಬಿನ ಮೇಲೆ ಕೂರಲಿ, ತೋಳು ಪಕ್ಕೆಗೆ ಒರಗಲಿ. ಮಣಿಕಟ್ಟು ನೆಟ್ಟಗಿರಲಿ. ಮುಷ್ಟಿಯ ಮೇಲೋ ಅಂಗೈ ಮೇಲೋ ರೈಫಲ್ ಸುಮ್ನೆ ಕೂತಿರಬೇಕು. ಅದನ್ನು ಬೆರಳಿನಿಂದ ಹಿಡಿಯುವ ಕೆಲಸವೇ ಇಲ್ಲ. ಸ್ಪರ್ಧೆಯಲ್ಲಿ 5.5 ಕಿಲೋ ತೂಕದವರೆಗೂ ರೈಫಲ್ ಇರಬಹುದು. ಅಷ್ಟು ಭಾರವನ್ನು ನಿಮ್ಮ ನನ್ನ ತೋಳು ತಡೆಯಲಾರದು, ಸೊಂಟ ತಡೆಯುತ್ತದೆ.

ಹೀಗೆ ನಿಂತು ಕಣ್ಣು ಮುಚ್ಚಿ. ಎರಡು ಉಸಿರು ಎಳೆದು ಬಿಡಿ. ಕಣ್ಣು ತೆರೆದಾಗ ರೈಫಲ್ ಯಾವ ಕಡೆ ತಿರುಗಿದೆ ನೋಡಿ. ಎಡಕ್ಕೆ ಸರಿದಿದ್ದರೆ ಕೈಯಿಂದ ಬಲಕ್ಕೆ ಜಗ್ಗಬೇಡಿ, ಪಾದ ಸರಿಸಿ. ಕೈಯಿಂದ ತಿದ್ದಿದರೆ ಅದು ಮತ್ತೆ ತನ್ನ ಜಾಗಕ್ಕೇ ಓಡುತ್ತದೆ. ಹೆಚ್ಚಿನವರು ಇದೊಂದನ್ನು ಬೇಸರ ಅಂತ ಬಿಟ್ಟುಬಿಡುತ್ತಾರೆ. ನಡುಗುವ ಕೈಯವರು ಬಿಡುವ ಹಾಗಿಲ್ಲ.

ಎರಡನೇ ತಪ್ಪು ದೊಡ್ಡದು. ಯಾರ ಕೈಯೂ ಪೂರ್ತಿ ಸ್ಥಿರವಲ್ಲ, ಒಲಿಂಪಿಕ್ ಪದಕ ಗೆದ್ದವರದ್ದೂ ಅಲ್ಲ. ಅವರ ಗುರಿಯೂ ಸಣ್ಣದಾಗಿ ಅಲೆಯುತ್ತದೆ. ಆ ಅಲೆತವನ್ನು ಒಪ್ಪಿಕೊಂಡು, ಅದು ನಡೆದಿರುವಾಗಲೇ ಟ್ರಿಗರನ್ನು ನಿಧಾನ ಒತ್ತುತ್ತ ಹೋಗಬೇಕು. "ಈಗ ಬಂತು" ಅಂತ ಗಬಕ್ಕನೆ ಜಗ್ಗಿದಿರೋ, ಆ ಜಗ್ಗುವಿಕೆಯೇ ನಡುಕಕ್ಕಿಂತ ಹತ್ತು ಪಟ್ಟು ರೈಫಲ್ ಅಲುಗಿಸುತ್ತದೆ. ಪೇರಲ ಹಣ್ಣು ಮಾಗಿದೆಯೋ ಇಲ್ಲವೋ ಅಂತ ಒತ್ತಿ ನೋಡುತ್ತೀರಲ್ಲ, ಹಾಗೆ ಒತ್ತಿ. ಹೊಡೆದ ಮೇಲೂ ಒಂದೆರಡು ಸೆಕೆಂಡ್ ಹಾಗೇ ನೋಡುತ್ತಿರಿ.

ಲೆಕ್ಕ ನಿಮ್ಮ ಕಡೆಗೇ ಇದೆ. 10 ಮೀಟರ್ ದೂರದ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಕೇಳಿದರೆ ಎದೆ ಒಡೆಯುತ್ತದೆ. ಆದರೆ ಗುಂಡು 4.5 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ನಿಮ್ಮ ಹನ್ನೆರಡು ಪಾಯಿಂಟ್ ಅಳತೆಯ ಮೊಳೆಯಷ್ಟು. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತೇ. ಅಂದರೆ ಎರಡೂವರೆ ಮಿಲಿಮೀಟರ್ ಆಚೀಚೆ ಅಲೆದಾಡಲು ಜಾಗ ಇದೆ.

ಉಸಿರನ್ನು ಕಟ್ಟಿ ಹಿಡಿಯಬೇಡಿ. ಬಿಟ್ಟ ಮೇಲೆ ಮುಂದಿನ ಉಸಿರಿಗೆ ಮೊದಲು ತಾನಾಗಿ ಒಂದು ಬಿಡುವು ಬರುತ್ತದೆ, ಅಲ್ಲಿ ಹೊಡೆಯಿರಿ. ಎಂಟು-ಹತ್ತು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಬೆರಳು ತೆಗೆದು ರೈಫಲ್ ಇಳಿಸಿ. ಇಳಿಸಲು ನಾಚಿಕೆ ಬೇಡ. ನಾನು ಹತ್ತು ಗುಂಡಿಗೆ ಆರು ಸಲ ಇಳಿಸುತ್ತೇನೆ. ಪಕ್ಕದ ಲೇನಿನ ಹುಡುಗರು ನಗುತ್ತಾರೆ, ನಗಲಿ. ಇಳಿಸುವಾಗಲೂ ನಳಿಗೆ ಗುರಿಯ ಕಡೆಗೇ ಇರಬೇಕು, ಅದು ಮಾತ್ರ ತಪ್ಪಬಾರದು.

ನಿಲ್ಲುವ ಬಗೆ ಮೇಲೆ ಹೇಳಿದೆ, ಆದರೆ ಮೊದಲ ತಿಂಗಳು ನಿಂತು ಹೊಡೆಯಲೇಬೇಡಿ. ಟೇಬಲ್ ಮುಂದೆ ಕೂತು, ಮರಳಿನ ಚೀಲದ ಮೇಲೆ ರೈಫಲಿನ ಮುಂಭಾಗದ ಕಟ್ಟಿಗೆ ಇಡಿ. ನಳಿಗೆಯನ್ನು ಇಡಬಾರದು. ನನ್ನ ಚೀಲ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು. ಒಳಗೆ ಮರಳಿಲ್ಲ, ಜೋಳ ತುಂಬಿದ್ದೇನೆ. ಹೊರಲು ಹಗುರ, ಕಟ್ಟಿಗೆ ಚೆನ್ನಾಗಿ ಕೂರುತ್ತದೆ. ಒಮ್ಮೆ ಇಲಿ ಕಡಿದಿತ್ತು, ಅದೊಂದು ತ್ರಾಸು. ಸ್ಪ್ರಿಂಗ್ ರೈಫಲ್ ಆದರೆ ಚೀಲಕ್ಕೂ ರೈಫಲ್‌ಗೂ ನಡುವೆ ಅಂಗೈ ಇಡಿ. ಅದು ಹೊಡೆದಾಗ ಒದೆಯುತ್ತದೆ, ಗಟ್ಟಿ ಆಸರೆಯ ಮೇಲೆ ಇಟ್ಟರೆ ಗುಂಡು ಸರಿಯುತ್ತದೆ. ಗುಂಡಿಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯಲೂ ಬೇಡಿ, ಒಳಗಿನ ಪಿಸ್ಟನ್‌ಗೆ ಪೆಟ್ಟು. ಐದೈದು ಗುಂಡು ಹೊಡೆದು ಅವು ಒಟ್ಟಿಗೆ ಬಿದ್ದಿವೆಯೇ ಅಂತಷ್ಟೇ ನೋಡಿ. ಒಟ್ಟಿಗೆ ಬಿದ್ದು ಪಕ್ಕಕ್ಕೆ ಹೋಗಿದ್ದರೆ ತಿದ್ದಬೇಕಾದದ್ದು ಸೈಟನ್ನು (ರೈಫಲ್ ಮೇಲಿನ ಗುರಿ ನೋಡುವ ಸಾಧನವನ್ನು), ಕೈಯನ್ನಲ್ಲ.

ಆಸರೆ ಇಟ್ಟು ಹೊಡೆದರೆ ಅದೇನು ಆಟ ಅನ್ನುವವರು ಸಿಗುತ್ತಾರೆ. ಅಂಗವಿಕಲರ ಪ್ಯಾರಾ ಶೂಟಿಂಗ್‌ನಲ್ಲಿ ಎಸ್‌ಎಚ್2 ಅಂತ ಒಂದು ವರ್ಗವೇ ಇದೆ. ತೋಳಿನಿಂದ ರೈಫಲ್ ಭಾರ ತಡೆಯಲಾಗದವರು ಅದರಲ್ಲಿ ಸ್ಟ್ಯಾಂಡ್ ಮೇಲಿಟ್ಟು ಹೊಡೆಯುತ್ತಾರೆ, ಅದೂ ಪ್ಯಾರಾಲಿಂಪಿಕ್ಸ್‌ನಲ್ಲಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿನಿ. ಪ್ರಾಕ್ಟೀಸ್‌ನಲ್ಲಿ ಸರಿ ಇರುತ್ತೇನೆ, ಸ್ಪರ್ಧೆಯ ದಿನ ಮಾತ್ರ ಕೈ ನಡುಗುತ್ತದೆ. ಗೆಳತಿಯೊಬ್ಬಳು ಒಂದು ಮಾತ್ರೆ ತಗೋ, ನಡುಕ ನಿಲ್ಲುತ್ತದೆ ಅನ್ನುತ್ತಾಳೆ. ತಗೋಬಹುದಾ ಸರ್?

ಉತ್ತರ: ಬೇಡ ತಂಗಿ. ಅವಳು ಹೇಳಿದ್ದು ಬಹುಶಃ ಪ್ರೊಪ್ರನೊಲಾಲ್ ತರಹದ್ದು. ಹೃದಯದ ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಶೂಟಿಂಗ್‌ನಲ್ಲಿ ನಿಷೇಧಿಸಿದ್ದಾರೆ. ಸ್ಪರ್ಧೆಯ ದಿನ ಅಷ್ಟೇ ಅಲ್ಲ, ಉಳಿದ ದಿನಗಳಲ್ಲೂ. ದಮ್ಮು ಇರುವವರಿಗೆ ಅವು ಅಪಾಯ ಕೂಡ. ಬಿಪಿಗೆ ಅಂತ ಡಾಕ್ಟರೇ ಕೊಟ್ಟವರು ತಾವಾಗಿ ನಿಲ್ಲಿಸಬಾರದು, ಸ್ಪರ್ಧೆಗೆ ಹೆಸರು ಕೊಡುವ ಮೊದಲೇ ಕೋಚಿಗೆ ತಿಳಿಸಬೇಕು.

ಅವತ್ತು ನೀವು ಉಪವಾಸ ಹೋಗುತ್ತೀರಾ? ಹೆದರಿಕೆಗೆ ಊಟ ಸೇರದೆ ಬರೀ ಎರಡು ಕಪ್ ಚಹಾ ಕುಡಿದು ಬರುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಖಾಲಿ ಹೊಟ್ಟೆಗೂ ಕೈ ನಡುಗುತ್ತದೆ, ಚಹಾಕ್ಕೂ ನಡುಗುತ್ತದೆ. ಎರಡು ತಾಸು ಮೊದಲು ಒಂದು ರೊಟ್ಟಿ, ಮೊಸರು ತಿನ್ನಿ. ಚಹಾ ಸ್ಪರ್ಧೆ ಮುಗಿದ ಮೇಲೆ. ಬ್ಯಾಗನ್ನು ಅಣ್ಣನೋ ಅಪ್ಪನೋ ಹೊರಲಿ. ಭಾರ ಹೊತ್ತು ಮೆಟ್ಟಿಲು ಹತ್ತಿದ ತೋಳು ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತದೆ.

ಪ್ರಶ್ನೆ: ಶೂಟಿಂಗ್ ಜಾಕೆಟ್ ಹಾಕಿದರೆ ನಡುಕ ನಿಲ್ಲುತ್ತದೆಯೇ? – ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ನಿಲ್ಲುವುದಿಲ್ಲ, ಕಡಿಮೆ ಕಾಣುತ್ತದೆ. ಬೆನ್ನಿಗೆ, ಪಕ್ಕೆಗೆ ಬಿಗಿಯಾದ ಆಸರೆ ಸಿಗುತ್ತದೆ, ಎದೆಬಡಿತ ರೈಫಲ್‌ಗೆ ದಾಟುವುದು ತಗ್ಗುತ್ತದೆ. ಆರು ತಿಂಗಳು ಜಾಕೆಟ್ ಕೊಳ್ಳದೆ ಕಲಿಯಿರಿ. ಆಮೇಲೂ ಬಿಡದ ಹುಚ್ಚಿದ್ದರೆ ಕೊಳ್ಳಿ, ಅಲ್ಲಿಯವರೆಗೆ ಕ್ಲಬ್ಬಿನದ್ದನ್ನೇ ಕೇಳಿ ಹಾಕಿಕೊಳ್ಳಿ.