ಪೊಟೊಮ್ಯಾಕ್ ನದಿಯ ಸ್ಮಾಲ್‌ಮೌತ್ ಬಾಸ್ ಮೀನಿಗೆ ಯಾವ ಬಣ್ಣದ ಪ್ಲಾಸ್ಟಿಕ್ ಮೇವು ಒಳ್ಳೆಯದು?

ಬಣ್ಣದ ಚಿಂತೆಯನ್ನು ಸದ್ಯಕ್ಕೆ ಬಿಡಿ. ಅಮೆರಿಕದ ಮೇರಿಲ್ಯಾಂಡ್‌ನ ಬ್ರನ್ಸ್‌ವಿಕ್ ಬಳಿ ಕಾಲು ಔನ್ಸಿನ ಜಿಗ್‌ಗೆ (ಸೀಸದ ತಲೆಯಿರುವ ಕೊಕ್ಕೆ) ಟ್ಯೂಬ್ (ಟೊಳ್ಳಾದ ಮೆತ್ತನೆಯ ಪ್ಲಾಸ್ಟಿಕ್ ಮೇವು) ಸಿಕ್ಕಿಸಿ ಎಸೆಯುತ್ತಿದ್ದೀರಿ, ಎಸೆದಾಗಲೆಲ್ಲ ಕಲ್ಲಿಗೆ ಸಿಕ್ಕಿಕೊಳ್ಳುತ್ತಿದೆ, ಬಣ್ಣ ಬದಲಿಸಿದರೂ ಮೀನಿಲ್ಲ ಎಂದು ಬರೆದಿದ್ದೀರಿ. ನೀವು ಬದಲಿಸಬೇಕಾದದ್ದು ತೂಕವನ್ನು.

ಹಾರ್ಪರ್ಸ್ ಫೆರಿಯಿಂದ ಪಾಯಿಂಟ್ ಆಫ್ ರಾಕ್ಸ್‌ವರೆಗಿನ ಹರಿವಿನಲ್ಲೇ ನಾನು ಹೆಚ್ಚಾಗಿ ಗಾಳ ಹಾಕುವುದು. ಬೇಸಿಗೆಯಲ್ಲಿ ಅಲ್ಲಿ ಬಹಳ ಕಡೆ ನೀರು ಸೊಂಟ ಮುಟ್ಟುವುದಿಲ್ಲ. ತಳದ ತುಂಬ ಹಾಸುಬಂಡೆ, ಸೀಳು, ಗುಂಡುಕಲ್ಲು. ಆ ಸಂದುಗಳಲ್ಲಿ ಕ್ರೇಫಿಶ್ ವಾಸಿಸುತ್ತವೆ. ಸಿಗಡಿಯ ಮೈಗೆ ಏಡಿಯ ಕೊಂಡಿ ಜೋಡಿಸಿದಂಥ ಈ ಪ್ರಾಣಿ ಸ್ಮಾಲ್‌ಮೌತ್‌ನ ಮುಖ್ಯ ಆಹಾರಗಳಲ್ಲೊಂದು. ಮೂರರಿಂದ ಮೂರೂವರೆ ಅಂಗುಲದ ಟ್ಯೂಬ್ ತಳದಲ್ಲಿ ಉರುಳುತ್ತ ಹೋದರೆ ಮೀನಿಗೆ ಅದು ಹರಿವಿಗೆ ಸಿಕ್ಕ ಕ್ರೇಫಿಶ್‌ನಂತೆಯೇ ಕಾಣುತ್ತದೆ. ಭಾರ ಹೆಚ್ಚಾದರೆ ಉರುಳದೆ ಸೀಳಿನಲ್ಲಿ ಕೂತುಬಿಡುತ್ತದೆ.

ಔನ್ಸಿನ ಎಂಟನೇ ಒಂದು ಭಾಗದ, ಎಂದರೆ ಸುಮಾರು ಮೂರೂವರೆ ಗ್ರಾಂ ತೂಕದ ಜಿಗ್‌ನಿಂದ ಆರಂಭಿಸಿ. ಅದರ ತಲೆ ಟ್ಯೂಬಿನ ಒಳಗೆ ಅಡಗುವಂತಿರಲಿ. ಹೊರಗೆ ಉಬ್ಬಿದ ಸೀಸಕ್ಕಿಂತ ಮೆತ್ತನೆಯ ಮೂತಿ ಕಲ್ಲಿನಿಂದ ಸುಲಭವಾಗಿ ಜಾರುತ್ತದೆ. ಹರಿವಿಗೆ ಎದುರಾಗಿ, ಸ್ವಲ್ಪ ಓರೆಯಾಗಿ ಎಸೆಯಿರಿ. ಕೋಲಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದು, ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಎಳೆಯುವ ಕೆಲಸ ನದಿಯದು. ಟ್ಯೂಬ್ ಆಗೊಮ್ಮೆ ಈಗೊಮ್ಮೆ ಕಲ್ಲು ತಾಕಿದ್ದು ಬೆರಳಿಗೆ ತಿಳಿಯಬೇಕು. ತಾಕದೇ ಹೋದರೆ ತೂಕ ಸಾಲದು, ಪದೇ ಪದೇ ನಿಂತರೆ ಹೆಚ್ಚಾಯಿತು. ಒಂದೇ ಹೊಳೆಯಲ್ಲಿ ನೂರು ಅಡಿ ಮೇಲೆ ಹೋದರೂ ಸೆಳೆತ ಬದಲಾಗುತ್ತದೆ; ಜಿಗ್ ಬದಲಿಸಲು ಬೇಸರಪಡಬೇಡಿ.

ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಕಾಯುತ್ತಿದ್ದಿರಿ ಎಂದಿರಿ. ಅಲ್ಲಿ ಮೀನು ವಾಸನೆ ಹಿಡಿದು ಮೇವನ್ನು ಹುಡುಕಿಕೊಂಡು ಬರುತ್ತದೆ. ಇಲ್ಲಿ ಮೇವು ಮೀನಿನ ಮುಂದೆಯೇ ಹಾದುಹೋಗಬೇಕು. ಸ್ಮಾಲ್‌ಮೌತ್ ಹರಿವಿಗೆ ಮುಖ ಮಾಡಿ, ದಣಿಯದಂಥ ಜಾಗ ನೋಡಿಕೊಂಡು ನಿಲ್ಲುತ್ತದೆ: ಬಂಡೆಯ ಹಿಂದಿನ ನಿಧಾನದ ನೀರು, ಬಂಡೆಯ ಮುಂಭಾಗದ ಚಿಕ್ಕ ತಗ್ಗು, ಎಲ್ಲಕ್ಕಿಂತ ಮುಖ್ಯವಾಗಿ ವೇಗದ ನೀರೂ ನಿಧಾನದ ನೀರೂ ಉಜ್ಜಿಕೊಂಡು ಹರಿಯುವ ಗೆರೆ. ಆ ಗೆರೆಯ ಉದ್ದಕ್ಕೂ ಟ್ಯೂಬ್ ತೇಲಿ ಬರಲಿ. ಮೀನು ಕಚ್ಚಿದಾಗ ಜಗ್ಗಿದ ಅನುಭವ ಆಗಲೇಬೇಕೆಂದಿಲ್ಲ. ದಾರ ತಟ್ಟನೆ ನಿಂತರೆ, ಇಲ್ಲವೇ ಹರಿವಿಗೆ ವಿರುದ್ಧವಾಗಿ ಪಕ್ಕಕ್ಕೆ ಸರಿದರೆ ಆ ಕ್ಷಣವೇ ಎತ್ತಿ.

ಬಣ್ಣಕ್ಕೆ ತಿಳಿನೀರಾದರೆ ಹಸಿರು ಬೆರೆತ ಕಂದು, ಕಲಕು ನೀರಾದರೆ ಕಪ್ಪು. ನನಗೆ ಇಷ್ಟೇ ಸಾಕಾಗಿದೆ.

ಈ ಮೀನು ಪೊಟೊಮ್ಯಾಕ್‌ನ ಮೂಲನಿವಾಸಿಯಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿ. 1854ರಲ್ಲಿ ಓಹಿಯೋ ಕಣಿವೆಯ ವೀಲಿಂಗ್ ಹೊಳೆಯಿಂದ ಕೆಲವನ್ನು ಹಿಡಿದು, ಬಾಲ್ಟಿಮೋರ್ ಅಂಡ್ ಓಹಿಯೋ ರೈಲಿನ ಎಂಜಿನ್‌ಗೆ ನೀರು ಒಯ್ಯುವ ಟ್ಯಾಂಕಿನಲ್ಲಿಟ್ಟು ತಂದು ಕಂಬರ್‌ಲ್ಯಾಂಡ್ ಬಳಿ ಬಿಟ್ಟರು. ನೀವು ಗಾಳ ಹಾಕುವ ದಡದ ಪಕ್ಕದಲ್ಲೇ ಹೋಗುವ ಹಳಿ ಅದೇ ಕಂಪನಿ ಹಾಕಿದ್ದು.

ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ಮುಟ್ಟಿದಾಗ ಗಂಡು ಮೀನು ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಿದರೆ ಬೇರೆ ಮೀನುಗಳು ಮೊಟ್ಟೆ ತಿಂದುಬಿಡುತ್ತವೆ. ಮೇರಿಲ್ಯಾಂಡ್‌ನ ಈ ಭಾಗದಲ್ಲಿ ಮಾರ್ಚ್ 1ರಿಂದ ಜೂನ್ 15ರವರೆಗೆ ಹಿಡಿದ ಬಾಸ್ ಅನ್ನು ಮರಳಿ ಬಿಡಲೇಬೇಕು. ಗೂಡು ಕಣ್ಣಿಗೆ ಬಿದ್ದರೆ ಆ ಕಡೆ ಎಸೆಯಲೇಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ನೀರಿಗಿಳಿಯುವ ಮುನ್ನ ಪಾಯಿಂಟ್ ಆಫ್ ರಾಕ್ಸ್‌ನ ನೀರಿನ ಮಟ್ಟವನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ತಾಣದಲ್ಲಿ ನೋಡಿಕೊಳ್ಳಿ. ಮಟ್ಟ ಏರುತ್ತಿದ್ದರೆ ದಡದಲ್ಲೇ ನಿಲ್ಲಿ. ಹಾಸುಬಂಡೆಯ ಪಾಚಿ ಬಹಳ ಜಾರುತ್ತದೆ. ಫೆಲ್ಟ್ ಎಂಬ ಒತ್ತಿದ ಉಣ್ಣೆಯಂಥ ಬಟ್ಟೆಯ ಅಟ್ಟೆಯಿರುವ ಬೂಟು ಮೇರಿಲ್ಯಾಂಡ್‌ನಲ್ಲಿ 2011ರಿಂದ ನಿಷಿದ್ಧ, ಏಕೆಂದರೆ ಅದಕ್ಕೆ ಅಂಟಿದ ಪಾಚಿ ಬೇರೆ ಹೊಳೆಗೂ ಹರಡುತ್ತದೆ. ರಬ್ಬರ್ ಅಟ್ಟೆಗೆ ಲೋಹದ ಮೊಳೆ ಇರುವಂಥದ್ದನ್ನು ಕೊಳ್ಳಿ. ಹರಿದ ಟ್ಯೂಬ್‌ಗಳನ್ನು ನೀರಿಗೆ ಬಿಸಾಡದೆ ಮನೆಗೆ ತನ್ನಿ. ಮೀನು ನುಂಗಿದರೆ ಅದು ಜೀರ್ಣವಾಗುವುದಿಲ್ಲ.