ಗದಗಿನ ಸವಳು ನೀರು, ಒಮಾನಿನ ಸುಣ್ಣಕಲ್ಲು

ತಂಗಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ್ದೀರೆಂದೂ, ಒಮಾನಿನ ತೈಲ ಪ್ರಯೋಗಾಲಯವೊಂದರಿಂದ ನೌಕರಿಯ ಕರೆ ಬಂದಿದೆಯೆಂದೂ ಬರೆದಿದ್ದೀರಿ. ಅಂಟುವಾಳದಲ್ಲಿ ನೊರೆ ಕೊಡುವ ಸ್ಯಾಪೊನಿನ್ ಎಂಬ ವಸ್ತುವಿನ ಮೇಲೆ ಮಾಡಿದ ಪ್ರಾಜೆಕ್ಟ್ ಅಲ್ಲಿ ಉಪಯೋಗಕ್ಕೆ ಬರುವುದೇ, ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿ ಬಿಟ್ಟು 14 ವರ್ಷವಾಯಿತು; ಅಷ್ಟು ಕಾಲವೂ ಸರ್ಫ್ಯಾಕ್ಟಂಟ್, ಅಂದರೆ ಸಾಬೂನಿನ ಜಾತಿಯ ರಾಸಾಯನಿಕ ಬಳಸಿ ಬಂಡೆಯಿಂದ ಎಣ್ಣೆ ಬಿಡಿಸುವ ಕೆಲಸದಲ್ಲಿಯೇ ಇದ್ದೇನೆ. ಇಲ್ಲಿಯ ದಿನಚರಿಯೆಲ್ಲ ಕೆಲಸಕ್ಕೆ ಕಟ್ಟುಬಿದ್ದಿರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ.

ನೆಲದಡಿಯ ಎಣ್ಣೆ ಕೆರೆಯಂತೆ ನಿಂತಿರುವುದಿಲ್ಲ, ಬಂಡೆಯ ಸಣ್ಣ ರಂಧ್ರಗಳಲ್ಲಿ ತುಂಬಿರುತ್ತದೆ. ಮೊದಲು ಸಹಜ ಒತ್ತಡದಿಂದ, ಅನಂತರ ನೀರು ನುಗ್ಗಿಸುವುದರಿಂದ ಸಾಧ್ಯವಾದಷ್ಟು ಹೊರಬಂದ ಮೇಲೂ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿಯುವುದು ಸಾಮಾನ್ಯ. ಅದರಲ್ಲಿ ಬಹಳಷ್ಟು ಎಣ್ಣೆ ರಂಧ್ರಗಳ ಇಕ್ಕಟ್ಟಾದ ಕುತ್ತಿಗೆಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡಿರುತ್ತದೆ. ಎಣ್ಣೆ ಮತ್ತು ನೀರಿನ ನಡುವಿನ ಮೇಲ್ಮೈ ಎಳೆತವು, ಅಂದರೆ ಹನಿಯನ್ನು ಗುಂಡಗೆ ಬಿಗಿದಿಡುವ ಬಲವು, ಸಾಮಾನ್ಯವಾಗಿ ಮೀಟರಿಗೆ 20ರಿಂದ 30 ಮಿಲಿನ್ಯೂಟನ್ ಇರುತ್ತದೆ, ಅದನ್ನು 0.001ರ ಆಸುಪಾಸಿಗೆ ಇಳಿಸಿದರೆ ಮಾತ್ರ ಹನಿಯು ಆಕಾರ ಬದಲಿಸಿ ಆ ಕುತ್ತಿಗೆಯಲ್ಲಿ ನುಸುಳಿ ಬರುತ್ತದೆ.

ನೀವು ಗದಗ ಜಿಲ್ಲೆಯವರು. ಕೊಳವೆಬಾವಿಯ ಸವಳು ನೀರಿನಲ್ಲಿ ಸಾಬೂನು ನೊರೆಯಾಗದೆ ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಮೆತ್ತಿಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡಿರುತ್ತೀರಿ. ನಮ್ಮ ಕೆಲಸದ ಮುಖ್ಯ ಕಷ್ಟವೂ ಅದೇ. ಕೊಲ್ಲಿ ಪ್ರದೇಶದ ಅನೇಕ ತೈಲ ಪದರಗಳ ನೀರು ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪಾಗಿರುತ್ತದೆ, ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸರ್ಫ್ಯಾಕ್ಟಂಟನ್ನು ಗಸಿಯಾಗಿ ಕೆಳಗಿಳಿಸುತ್ತವೆ, ಉಳಿದುದರಲ್ಲಿಯೂ ಋಣ ವಿದ್ಯುದಂಶವುಳ್ಳ ಅಣುಗಳನ್ನು ಧನ ವಿದ್ಯುದಂಶದ ಸುಣ್ಣಕಲ್ಲು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಮರಳುಗಲ್ಲಿನಲ್ಲಿ ಈ ಕಾಟ ಕಡಿಮೆ. ಅಲ್ಲಿ ಕ್ಷಾರವನ್ನೂ ನೀರನ್ನು ಮಂದವಾಗಿಸುವ ಪಾಲಿಮರನ್ನೂ ಜೊತೆಗೂಡಿಸುವ ವಿಧಾನ ಹೆಚ್ಚು ಒಗ್ಗುತ್ತದೆ. ದಕ್ಷಿಣ ಒಮಾನಿನ ಮರ್ಮುಲ್‌ನಲ್ಲಿ 2010ರಿಂದ ದೊಡ್ಡ ಪ್ರಮಾಣದಲ್ಲಿ ಪಾಲಿಮರ್ ನುಗ್ಗಿಸುತ್ತಿರುವುದೂ ಮರಳುಗಲ್ಲಿಗೇ. ಅಂಟುವಾಳ ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆಂಬುದು ನಿಮಗೆ ಗೊತ್ತು. ಆ ತಿಳಿವಳಿಕೆ ಇಲ್ಲಿ ಬೆಲೆಯುಳ್ಳದ್ದು. ಆದರೆ ಸ್ಯಾಪೊನಿನ್ ಒಂದರಿಂದಲೇ ಮೇಲ್ಮೈ ಎಳೆತ ಅಷ್ಟು ಕೆಳಗೆ ಇಳಿಯುವುದಿಲ್ಲ, ಬೇರೆ ಸರ್ಫ್ಯಾಕ್ಟಂಟ್ ಜೊತೆ ಬೆರೆಸಿ ನೋಡಬೇಕಾಗುತ್ತದೆ.

ದಿನದ ಕೆಲಸದಲ್ಲಿ ಕಾಯುವುದೇ ಹೆಚ್ಚು. ಗಾಜಿನ ಕೊಳವೆಗಳಲ್ಲಿ ಉಪ್ಪಿನ ಅಂಶವನ್ನು ಹಂತಹಂತವಾಗಿ ಏರಿಸುತ್ತ, ದ್ರಾವಣ ಮತ್ತು ಎಣ್ಣೆಯನ್ನು ತುಂಬಿ, ಬಾಯಿ ಬೆಸೆದು, ನೆಲದಡಿಯ ತೈಲ ಪದರದ ಉಷ್ಣತೆಯಲ್ಲಿ ಒಲೆಯೊಳಗಿಟ್ಟು, ಎರಡರ ನಡುವೆ ಮೈಕ್ರೊಎಮಲ್ಷನ್‌ನ, ಅಂದರೆ ಎಣ್ಣೆ ನೀರು ಎರಡೂ ಒಂದಾಗಿ ಬೆರೆತ ದ್ರವದ, ಮೂರನೆಯ ಪದರ ಮೂಡುವುದೇ ಎಂದು ವಾರಗಟ್ಟಲೆ ಅಳೆಯುತ್ತಿರಬೇಕು; ಮೇಲ್ಮೈ ಎಳೆತ ಬಹಳ ಇಳಿದಿದೆ ಎಂಬುದಕ್ಕೆ ಅದೇ ಗುರುತು. ಮೊದಲ ವರ್ಷ ನನಗೊಂದು ಮಿಶ್ರಣದಲ್ಲಿ ಆ ಪದರ ಬಹಳ ಚೆನ್ನಾಗಿ ಮೂಡಿತು. ಆಮೇಲೆ ಅದನ್ನು ಕೈಗೆ ಸುಲಭವಾಗಿ ಸಿಕ್ಕ ಮರಳುಗಲ್ಲಿನ ತುಂಡಿನಲ್ಲಿ ಹಾಯಿಸಿದೆ, ಎಣ್ಣೆ ಬಂತು. ನಿಜವಾದ ತೈಲ ಪದರದ ಸುಣ್ಣಕಲ್ಲಿನಲ್ಲಿ ಹಾಯಿಸಿದಾಗ ಸರ್ಫ್ಯಾಕ್ಟಂಟ್ ಕಲ್ಲಿಗೇ ಹತ್ತಿಕೊಂಡು, ಆಚೆ ತುದಿಯಲ್ಲಿ ನೀರಷ್ಟೇ ಹೊರಬಂತು. ಮೂರು ತಿಂಗಳ ಕೆಲಸ ವ್ಯರ್ಥವಾಯಿತು, ಅಂದು ರಾತ್ರಿ ಊಟ ಸೇರಲಿಲ್ಲ. ಕಲ್ಲನ್ನು ಮೊದಲು ವಿಚಾರಿಸದೆ ಅಂದಿನಿಂದ ನಾನು ಮಿಶ್ರಣ ಕಲಸಿದ್ದಿಲ್ಲ.

ಇನ್ನು ಬದುಕು. ಪ್ರಯೋಗಾಲಯ ಮಸ್ಕತ್‌ನಲ್ಲಿದ್ದರೆ ಸಂಜೆಗೆ ಮನೆ, ಶುಕ್ರವಾರ ಮತ್ತು ಶನಿವಾರ ರಜೆ. ಗಡಿಯಾರ ನಮ್ಮೂರಿಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಸಂಜೆ ಅವ್ವನೊಡನೆ ಮಾತನಾಡಲು ತೊಂದರೆಯಾಗದು. ಮರುಭೂಮಿಯ ತೈಲಕ್ಷೇತ್ರಕ್ಕೆ ಹಾಕಿದರೆ ವಾರಗಟ್ಟಲೆ ಶಿಬಿರವಾಸ, ಬಳಿಕ ಬಿಡುವು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಕುರಿತ ತರಬೇತಿಯನ್ನು ಮನಸ್ಸಿಟ್ಟು ಕಲಿಯಿರಿ. ಕೊಳೆತ ಮೊಟ್ಟೆಯಂಥ ಅದರ ವಾಸನೆ ಪ್ರಮಾಣ ಹೆಚ್ಚಾದಾಗ ಮೂಗಿಗೆ ತಿಳಿಯುವುದೇ ನಿಂತುಹೋಗುತ್ತದೆ. ಆದ್ದರಿಂದ ವಾಸನೆ ಹೋಯಿತೆಂದು ಧೈರ್ಯ ತಾಳದೆ, ಎದೆಗೆ ಸಿಕ್ಕಿಸಿದ ಅನಿಲಸೂಚಕವನ್ನೇ ನಂಬಬೇಕು.

ಸಹಿ ಮಾಡುವ ಮೊದಲು ನೌಕರಿ ಪ್ರಯೋಗಾಲಯದಲ್ಲೋ ಕ್ಷೇತ್ರದಲ್ಲೋ, ಕೆಲಸ ಮರಳುಗಲ್ಲಿನ ಮೇಲೋ ಸುಣ್ಣಕಲ್ಲಿನ ಮೇಲೋ, ಪದರದ ಕಲ್ಲಿನ ಮಾದರಿ ಪ್ರಯೋಗಕ್ಕೆ ಸಿಗುವುದೋ ಇಲ್ಲವೋ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಉತ್ತರ ಬಂದ ಮೇಲೆ ಒಪ್ಪಂದದ ಪ್ರತಿಯೊಂದಿಗೆ ನನಗೆ ಕಳುಹಿಸಿದರೆ ಓದಿ ನೋಡುತ್ತೇನೆ.