2021-22ಕ್ಕೆ ಈಗ ಬಂದ 148ಎ ನೋಟಿಸ್

ನಿಮ್ಮ 12 ಲಕ್ಷ ಠೇವಣಿ ಬಗ್ಗೆ ಆದಾಯ ತೆರಿಗೆ ಇಲಾಖೆಯಿಂದ 148ಎ ನೋಟಿಸ್ (ಹಳೆಯ ವರ್ಷದ ತೆರಿಗೆ ಕಡತ ಮತ್ತೆ ತೆರೆಯುವ ಮುನ್ನ ವಿವರಣೆ ಕೇಳುವ ನೋಟಿಸ್) ಬಂದಿದೆ ಅಂದಿರಿ. ಅದಕ್ಕೆ ಅವಧಿ ಮೀರಿದೆ ಅನ್ನಿಸುತ್ತೆ. ತೆರಿಗೆ ತಪ್ಪಿದ ಆದಾಯ 50 ಲಕ್ಷಕ್ಕಿಂತ ಕಡಿಮೆ ಇದ್ದರೆ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದು 3 ವರ್ಷದೊಳಗೆ 148ಎ ನೋಟಿಸ್ ಕೊಡಬೇಕು. 2021-22ರ ಅಸೆಸ್‌ಮೆಂಟ್ ವರ್ಷಕ್ಕೆ ಅದು 2025ರ ಮಾರ್ಚ್ 31ಕ್ಕೇ ಮುಗಿಯಿತು. ನಿಮಗೆ ನೋಟಿಸ್ ಬಂದಿದ್ದು ಅದಾದ ಮೇಲೆ ಆಗಸ್ಟ್‌ನಲ್ಲಿ, ಅಲ್ವಾ?

ಮೊದಲು ಆದಾಯ ತೆರಿಗೆ ಪೋರ್ಟಲ್‌ನಿಂದ ನೋಟಿಸ್ ಇಳಿಸಿಕೊಂಡು ಡಿಜಿಟಲ್ ಸಹಿಯ ತಾರೀಕು ನೋಡಿ. ಆಮೇಲೆ ತೆರಿಗೆ ಅಧಿಕಾರಿ ನೆಚ್ಚಿಕೊಂಡ ಮಾಹಿತಿಯ ಪ್ರತಿ ಕೇಳಿ. ಗಡುವಿನೊಳಗೆ ಆಕ್ಷೇಪಣೆ ಹಾಕಿ, ಸುಮ್ನೆ ಕೂರಬೇಡಿ. ಇದೇ ಠೇವಣಿಯನ್ನು ಹಿಂದೆ ಸ್ಕ್ರೂಟಿನಿಯಲ್ಲಿ (ಇಲಾಖೆ ರಿಟರ್ನ್ ಅನ್ನು ವಿವರವಾಗಿ ಪರಿಶೀಲಿಸುವಾಗ) ಒಪ್ಪಿದ್ದರೆ ಆ ಆದೇಶವನ್ನೂ ಲಗತ್ತಿಸಿ. ಬರೀ ಅಭಿಪ್ರಾಯ ಬದಲಾಯಿತು ಅಂತ ಕಡತ ತೆರೆಯುವಂತಿಲ್ಲ ಎಂದು 2010ರ ಕೆಲ್ವಿನೇಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಧ್ಯೆ ಕೋರ್ಟ್ ತಡೆ ಇದ್ದರೆ ದಿನಗಳ ಲೆಕ್ಕ ಬದಲಾಗಬಹುದು. ಆಕ್ಷೇಪಣೆ ತಳ್ಳಿ ಆದೇಶ ಬಂದರೆ ಹೈಕೋರ್ಟಿಗೆ ರಿಟ್ ಹಾಕಬಹುದು.